ನಾಲ್ಕು ವಿಶ್ವವಿದ್ಯಾಲಯ, ಒಂದೇ ವಹಿ
ಕೊಡಗಿನ ಕಾಲೇಜು ಶಿಕ್ಷಣಕ್ಕೆ ಎಪ್ಪತ್ತೈದು: ದಾಖಲೆ ಕಾಯ್ದವರ ಕಥೆ

1949ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದಾಗ ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ರಾಜ್ಯ ಒಂದಾದ ಮೇಲೆ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂತು. 1980ರಲ್ಲಿ ಮಂಗಳೂರು. 2023ರಲ್ಲಿ ಜಿಲ್ಲೆಗೆ ತನ್ನದೇ ಆದ ಕೊಡಗು ವಿಶ್ವವಿದ್ಯಾಲಯ ಸಿಕ್ಕಿತು. ಕೂತ ಜಾಗದಿಂದ ಕದಲದೆ ನಾಲ್ಕು ವಿಶ್ವವಿದ್ಯಾಲಯಗಳನ್ನು ಕಂಡ ಜಿಲ್ಲೆ ನಮ್ಮದು. ಪ್ರತಿ ಸಲವೂ ಪಠ್ಯ ಬದಲಾಯಿತು, ಪರೀಕ್ಷೆಯ ಪದ್ಧತಿ ಬದಲಾಯಿತು, ಪ್ರಮಾಣಪತ್ರದ ಮೇಲಿನ ಮುದ್ರೆ ಬದಲಾಯಿತು. ಬದಲಾಗದೆ ಮುಂದುವರಿದದ್ದು ಕಾಲೇಜು ಕಚೇರಿಯ ಅಡ್ಮಿಷನ್ ರಿಜಿಸ್ಟರ್ ಒಂದೇ. ಸ್ಮರಣ ಸಂಚಿಕೆಗಳಲ್ಲಿ ಪ್ರಾಂಶುಪಾಲರ ಪಟ್ಟಿ ಇರುತ್ತದೆ, ಕಟ್ಟಡಗಳ ಚಿತ್ರ ಇರುತ್ತದೆ, ರ್‍ಯಾಂಕ್ ಗಳಿಸಿದವರ ಹೆಸರಿರುತ್ತದೆ. ಆ ಎಲ್ಲ ಹೆಸರುಗಳನ್ನೂ ಮೊದಲು ಬರೆದಿಟ್ಟವರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಈ ಲೇಖನ ಅವರಿಗೆ ಸಲ್ಲಬೇಕಾದದ್ದು.

1949ಕ್ಕೆ ಮುನ್ನ

ಕೊಡಗಿಗೆ ಲೆಕ್ಕಪತ್ರ ಹೊಸದಲ್ಲ. ಹಾಲೇರಿ ಅರಸರ ಕಾಲದಲ್ಲೇ ಲಿಂಗರಾಜೇಂದ್ರನ ‘ಶಿಸ್ತು’ ಊರೂರಿನ ಭೂಮಿಯನ್ನು ಬರಹಕ್ಕೆ ತಂದಿತ್ತು. 1834ರಲ್ಲಿ ರಾಜ್ಯ ಇಂಗ್ಲಿಷರ ಕೈಸೇರಿದ ಮೇಲೆ ಶಾಲೆಗಳ ಲೆಕ್ಕವೂ ಶುರುವಾಯಿತು. ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥರಾಗಿದ್ದ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಹೊರತಂದ ‘ಮ್ಯಾನ್ಯುಯಲ್ ಆಫ್ ಕೂರ್ಗ್’ನಲ್ಲಿ ಭೂಮಿ, ಮಳೆ, ಜನರ ಜೊತೆ ಇಲ್ಲಿನ ವಿದ್ಯಾಭ್ಯಾಸದ ವಿವರಕ್ಕೂ ಜಾಗವಿದೆ. ಜಿಲ್ಲೆಯ ವಿದ್ಯಾಭ್ಯಾಸದ ಮೊದಲ ಲೆಕ್ಕಿಗರಲ್ಲಿ ಅವರನ್ನೂ ಸೇರಿಸಬೇಕು.

ಲೆಕ್ಕ ಇತ್ತು, ಕಾಲೇಜು ಇರಲಿಲ್ಲ. ಹೈಸ್ಕೂಲು ಮುಗಿಸಿದವರು ಘಟ್ಟ ಇಳಿದು ಮಂಗಳೂರಿಗೋ, ಬಯಲು ದಾಟಿ ಮೈಸೂರಿಗೋ, ಇನ್ನೂ ಅನುಕೂಲವಿದ್ದವರು ಮದ್ರಾಸಿಗೋ ಹೋಗಬೇಕಿತ್ತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದ ಕೆ.ಎಂ. ಕಾರ್ಯಪ್ಪನವರು ಮುಂದಿನ ಓದಿಗೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ್ದು ಹಾಗೆಯೇ. ಗದ್ದೆ ತೋಟ ಇದ್ದ ಮನೆಯ ಗಂಡುಮಕ್ಕಳಿಗೆ ಈ ದಾರಿ ಇತ್ತು. ಹೆಣ್ಣುಮಕ್ಕಳಿಗೆ ಬಹುಪಾಲು ಇರಲಿಲ್ಲ. ಮಡಿಕೇರಿಯಲ್ಲೇ ಹುಟ್ಟಿ, ಕನ್ನಡ ಸಣ್ಣಕಥೆಗೆ ಹೊಸ ದನಿ ಕೊಟ್ಟ ಕೊಡಗಿನ ಗೌರಮ್ಮನವರು (1912-1939) ಬದುಕಿದ್ದಷ್ಟು ಕಾಲ ಈ ಜಿಲ್ಲೆಯಲ್ಲಿ ಒಂದೂ ಕಾಲೇಜಿರಲಿಲ್ಲ. ಕಾಲೇಜು ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಈ ಒಂದು ಸಂಗತಿ ಸಾಕು.

1949-1956: ಮೊದಲ ವಹಿ

1949ರ ಜನವರಿ 15ರಂದು ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದೇ ವರ್ಷ ಅವರು ಓದಿದ ಊರಿನಲ್ಲಿ ಕಾಲೇಜು ಶುರುವಾಯಿತು. ಮುಂದೆ ಅದೇ ಕಾಲೇಜು ಅವರ ಹೆಸರನ್ನು ಹೊತ್ತು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಆಯಿತು.

ಆಗ ಕೊಡಗು ಚೀಫ್ ಕಮಿಷನರ್ ಪ್ರಾಂತ್ಯ. ಸಂವಿಧಾನ ಜಾರಿಗೆ ಬಂದಾಗ ‘ಸಿ’ ವರ್ಗದ ರಾಜ್ಯವಾಯಿತು. 1952ರಿಂದ 1956ರವರೆಗೆ ಚೆಪ್ಪುಡಿರ ಎಂ. ಪೂಣಚ್ಚನವರು ಅದರ ಮುಖ್ಯಮಂತ್ರಿಯಾಗಿದ್ದರು. ಇಷ್ಟು ಪುಟ್ಟ ರಾಜ್ಯಕ್ಕೆ ವಿಶ್ವವಿದ್ಯಾಲಯ ಇಲ್ಲ. ಹಾಗಾಗಿ ಮದ್ರಾಸಿನ ನಂಟು. ಎರಡು ವರ್ಷದ ಇಂಟರ್‌ಮೀಡಿಯೆಟ್, ಆಮೇಲೆ ಪದವಿ ಎಂಬ ಮದ್ರಾಸಿನ ಪದ್ಧತಿಯೇ ಇಲ್ಲಿಗೂ ಅನ್ವಯಿಸಿತು.

ಆ ಕಾಲದ ಅಡ್ಮಿಷನ್ ರಿಜಿಸ್ಟರ್ ಎಂದರೆ ಮೇಜಿನ ಅಗಲಕ್ಕೂ ಬಿಚ್ಚಿಕೊಳ್ಳುವ, ಕ್ಯಾಲಿಕೋ ಬೈಂಡಿನ ದಪ್ಪ ಪುಸ್ತಕ. ಎಡದಲ್ಲಿ ಪ್ರವೇಶ ಸಂಖ್ಯೆ, ತಾರೀಖು, ವಿದ್ಯಾರ್ಥಿಯ ಹೆಸರು. ಆಮೇಲೆ ತಂದೆಯ ಹೆಸರು, ಕಸುಬು, ಊರು, ಜಾತಿ. ಹುಟ್ಟಿದ ದಿನವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಇನ್ನೊಮ್ಮೆ. ಹಿಂದೆ ಓದಿದ ಶಾಲೆ, ಟಿ.ಸಿ. ನಂಬರು. ಬಲತುದಿಯಲ್ಲಿ ಕಾಲೇಜು ಬಿಟ್ಟ ದಿನಾಂಕ ಮತ್ತು ಷರಾ. ತಿದ್ದುಪಡಿ ಇದ್ದರೆ ಕೆಂಪು ಶಾಯಿ, ಪಕ್ಕದಲ್ಲಿ ಪ್ರಾಂಶುಪಾಲರ ಸಹಿ. ಒಮ್ಮೆ ಬಿದ್ದ ಸಂಖ್ಯೆಯನ್ನು ಮತ್ತೆ ಯಾರಿಗೂ ಕೊಡುವಂತಿಲ್ಲ. ಇಂದಿನ ಸಾಫ್ಟ್‌ವೇರಿನವರು ಹೇಳಿಕೊಡುವ ದತ್ತಾಂಶದ ಶಿಸ್ತೆಲ್ಲ ಗುಮಾಸ್ತರ ಕೈಬರಹದಲ್ಲಿ ಆಗಲೇ ಇತ್ತು. ತಿದ್ದಿದ್ದು ಯಾರು, ಯಾವಾಗ ಎಂಬುದು ಕಾಣಬೇಕು. ಹಳೆಯ ನಮೂದು ಓದಲು ಬರುವಂತೆ ಉಳಿಯಬೇಕು. ಒಬ್ಬರಿಗೆ ಒಂದೇ ಸಂಖ್ಯೆ. ಈ ಮೂರು ನಿಯಮಗಳನ್ನು ಮೀರಿದ ದಾಖಲೆ ಪದ್ಧತಿಯನ್ನು ನಾನು ಇನ್ನೂ ಕಂಡಿಲ್ಲ.

1956-1980: ಮೈಸೂರಿನ ಕಾಲ

1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಪ್ರತ್ಯೇಕವಾಗಿಯೇ ಉಳಿಯಬೇಕೆಂದು ಬಯಸಿದ್ದವರೂ ಇದ್ದರು, ಸೇರುವುದೇ ಒಳಿತೆಂದವರೂ ಇದ್ದರು. ಕಾಲೇಜಿನ ಮಟ್ಟಿಗೆ ವಿಲೀನದಿಂದ ಆದ ಅನುಕೂಲ ದೊಡ್ಡದು. ಮದ್ರಾಸಿಗೆ ಹೋಲಿಸಿದರೆ ಮೈಸೂರು ಹತ್ತಿರ. ಬೆಳಿಗ್ಗೆಯ ಬಸ್ಸು ಹಿಡಿದರೆ ವಿಶ್ವವಿದ್ಯಾಲಯದ ಕೆಲಸ ಮುಗಿಸಿ ಸಂಜೆಗೆ ಮರಳಬಹುದಿತ್ತು. ಪಿ.ಯು.ಸಿ. ಬಂತು, ಮೂರು ವರ್ಷದ ಪದವಿ ಬಂತು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಗೋಣಿಕೊಪ್ಪಲಿನಲ್ಲಿ ಕಾವೇರಿ ಕಾಲೇಜು ಆರಂಭವಾಗಿ, ದಕ್ಷಿಣ ಕೊಡಗಿನ ಮಕ್ಕಳು ಮಡಿಕೇರಿಯಲ್ಲಿ ಹಾಸ್ಟೆಲು ಹುಡುಕುವುದು ತಪ್ಪಿತು.

ಕಚೇರಿಯ ಕೆಲಸಕ್ಕೆ ಇಲ್ಲಿನ ದೊಡ್ಡ ಶತ್ರು ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪ್ರವೇಶಾತಿ ನಡೆಯುವುದೂ ಅದೇ ತಿಂಗಳುಗಳಲ್ಲಿ. ಅರ್ಜಿ ತರುವ ಹುಡುಗನ ಕೊಡೆಯಿಂದ ನೀರು, ಪ್ಲಾಸ್ಟಿಕ್ ಕವರಿನೊಳಗೂ ತೇವ ಹಿಡಿದ ಅಂಕಪಟ್ಟಿ, ಬರೆಯುತ್ತಿದ್ದಂತೆ ಹಬ್ಬುವ ಶಾಯಿ. ರಿಜಿಸ್ಟರುಗಳಿಗೆ ಬೂಷ್ಟು ಹಿಡಿಯದಿರಲಿ ಎಂದು ಕಬ್ಬಿಣದ ಬೀರುವಿನೊಳಗೆ ಬಲ್ಬು ಉರಿಸಿಡುವುದು ಮಲೆನಾಡಿನ ಕಚೇರಿಗಳ ಹಳೆಯ ರೂಢಿ. ನುಸಿಗುಳಿಗೆ, ಬೇವಿನ ಸೊಪ್ಪು, ಬಿಸಿಲು ಕಂಡ ದಿನ ವಹಿಗಳನ್ನು ಹೊರಗೆ ಹರಡುವುದು ಎಲ್ಲವೂ ಜವಾನರಿಂದ ಹಿಡಿದು ಸೂಪರಿಂಟೆಂಡೆಂಟರವರೆಗೆ ಎಲ್ಲರೂ ಕೈಜೋಡಿಸುತ್ತಿದ್ದ ಕೆಲಸ. ಈ ಜಿಲ್ಲೆಯಲ್ಲಿ ಒಂದು ಹಳೆಯ ವಹಿ ಇಂದೂ ಓದಲು ಸಿಗುತ್ತಿದೆ ಎಂದರೆ ಎಷ್ಟೋ ಮಳೆಗಾಲಗಳಲ್ಲಿ ಯಾರೋ ಅದನ್ನು ಒಣಗಿಸಿಟ್ಟಿದ್ದಾರೆ ಎಂದೇ ಅರ್ಥ.

ಅದನ್ನು ಕಾಯ್ದದ್ದರ ಬೆಲೆ ತಿಳಿದದ್ದು ಹಳೆಯ ವಿದ್ಯಾರ್ಥಿಗಳು ಮರಳಿ ಬರತೊಡಗಿದಾಗ. ಸೇನೆಯಲ್ಲಿದ್ದವರಿಗೆ ಜನ್ಮದಿನಾಂಕದ ದೃಢೀಕರಣ, ನಿವೃತ್ತಿಯ ಹೊತ್ತಿಗೆ ಹೆಸರಿನ ತಿದ್ದುಪಡಿ, ಹೊರದೇಶಕ್ಕೆ ಹೊರಟವರಿಗೆ ಓದಿದ ಬಗ್ಗೆ ಪತ್ರ. ಮದ್ರಾಸಿನ ಕಾಲದಲ್ಲಿ ಸೇರಿದವರು ಮೈಸೂರಿಗೆ ಬರೆದರೆ ಉತ್ತರ ಸಿಗದು, ಮದ್ರಾಸಿಗೆ ಬರೆದರೆ ತಡ. ಕೊನೆಗೆ ಎಲ್ಲರಿಗೂ ನೆರವಾದದ್ದು ಕಾಲೇಜಿನ ವಹಿ.

1980-2010: ಮಂಗಳೂರಿನ ಕಡೆಗೆ

1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕೊಡಗಿನ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಮಡಿಕೇರಿಯ ಕಾಲೇಜು ಮುಂದೆ ಅದರ ಘಟಕ ಕಾಲೇಜೂ ಆಯಿತು. ಇನ್ನು ದಾರಿ ಸಂಪಾಜೆ ಘಟ್ಟದ್ದು. ಉತ್ತರ ಪತ್ರಿಕೆಯ ಕಟ್ಟು, ಆಂತರಿಕ ಅಂಕಗಳ ಪಟ್ಟಿ, ಅಫಿಲಿಯೇಷನ್ ಫೈಲು ಎಲ್ಲವೂ ವಿಶ್ವವಿದ್ಯಾಲಯವಿರುವ ಕೊಣಾಜೆಗೆ ಹೋಗಬೇಕು. ಮಳೆಗಾಲದಲ್ಲಿ ಘಟ್ಟ ಜರಿದರೆ ಗಡುವೂ ಜರಿಯುತ್ತಿತ್ತು, ವಿಶ್ವವಿದ್ಯಾಲಯದವರೂ ಅದನ್ನು ಅರ್ಥಮಾಡಿಕೊಳ್ಳುತ್ತಿದ್ದರು.

ಈ ಮೂವತ್ತು ವರ್ಷಗಳಲ್ಲಿ ಉನ್ನತ ಶಿಕ್ಷಣ ಜಿಲ್ಲೆಯಲ್ಲಿ ಬಗೆಬಗೆಯಾಗಿ ಕವಲೊಡೆಯಿತು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಲ್ಲಿ, ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು 1999ರಲ್ಲಿ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ ಬಂದವು. ಕುಶಾಲನಗರ, ವಿರಾಜಪೇಟೆ, ನಾಪೋಕ್ಲುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಾದವು. ಮಕ್ಕಳಿಗೆ ಇದು ಸುಗ್ಗಿ. ಲೆಕ್ಕಕ್ಕೆ ಮಾತ್ರ ತೊಡಕು. ಪದವಿ ಕಾಲೇಜುಗಳ ಲೆಕ್ಕ ಮಂಗಳೂರಿನಲ್ಲಿ, ಅರಣ್ಯಶಾಸ್ತ್ರದ್ದು ಕೃಷಿ ವಿಶ್ವವಿದ್ಯಾಲಯದಲ್ಲಿ, ದಂತವೈದ್ಯದ್ದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ, ಎಂಜಿನಿಯರಿಂಗಿನದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ. ಕೊಡಗಿನಲ್ಲಿ ಒಟ್ಟು ಎಷ್ಟು ಮಕ್ಕಳು ಕಾಲೇಜು ಓದುತ್ತಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಯರವ, ಜೇನುಕುರುಬ ಮನೆಗಳಿಂದ ಬಂದವರೆಷ್ಟು ಎಂದು ಕೇಳಿದರೆ ಒಂದೇ ಕಡೆ ಕೂತು ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ.

1994ರಲ್ಲಿ ಬೆಂಗಳೂರಿನಲ್ಲಿ ನ್ಯಾಕ್ ಎಂಬ ರಾಷ್ಟ್ರೀಯ ಮಂಡಳಿ ಸ್ಥಾಪನೆಯಾಗಿ ಕಾಲೇಜುಗಳ ಮೌಲ್ಯಮಾಪನ ಶುರುವಾಯಿತು. ಅಲ್ಲಿಯವರೆಗೆ ಕಚೇರಿಯ ಬೀರುವಿನಲ್ಲಿದ್ದ ಮಾಹಿತಿಯನ್ನು ಬೋಧಕರು ಕೂತು ಓದಿದ್ದು ಅದೇ ಮೊದಲು. ಇದು ಕಚೇರಿಯವರ ಕೆಲಸವೋ ಬೋಧಕರದೋ ಎಂಬ ಮಾತು ಆಗ ಹಲವೆಡೆ ಬಂತು. ಕಾಲೇಜು ಕಾಲೇಜಿಗೆ ಒಂದೊಂದು ಹೊಂದಾಣಿಕೆಯಾಯಿತು. ಕ್ರಮೇಣ ಐಕ್ಯೂಎಸಿ ಎಂಬ ಆಂತರಿಕ ಗುಣಮಟ್ಟ ಭರವಸಾ ಕೋಶ ಇಬ್ಬರನ್ನೂ ಒಂದು ಮೇಜಿಗೆ ತಂದಿತು. ಒಳ್ಳೆಯದೇ ಆಯಿತು. ಷರಾ ಕಾಲಮ್ಮಿನಲ್ಲಿ ‘ಬಿಟ್ಟಿದ್ದಾನೆ’, ‘ಬಿಟ್ಟಿದ್ದಾಳೆ’ ಎಂದು ಗುಮಾಸ್ತರು ವರ್ಷವರ್ಷವೂ ಬರೆಯುತ್ತಿದ್ದುದನ್ನು ಮೇಷ್ಟ್ರುಗಳು ಆಗಲೇ ಗಮನಿಸಿ, ಯಾಕೆ ಬಿಟ್ಟರು ಎಂದು ಕೇಳತೊಡಗಿದ್ದು.

2010-2020: ಸಮೀಕ್ಷೆ ಮತ್ತು ಸಭೆಗಳು

ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ 2010-11ರಲ್ಲಿ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯನ್ನು ಆರಂಭಿಸಿತು. ಎಲ್ಲರ ಬಾಯಲ್ಲಿ ಅದು ‘ಐಶೆ’. ದೇಶದ ಪ್ರತಿ ಕಾಲೇಜಿಗೂ ಒಂದು ಸಂಕೇತ ಸಂಖ್ಯೆ, ಪ್ರತಿ ಕಾಲೇಜಿನಲ್ಲೂ ಒಬ್ಬ ನೋಡಲ್ ಅಧಿಕಾರಿ. ವಿಶ್ವವಿದ್ಯಾಲಯಕ್ಕೆ ಡಿಸಿಎಫ್-1, ಕಾಲೇಜಿಗೆ ಡಿಸಿಎಫ್-2, ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಸಂಸ್ಥೆಗಳಿಗೆ ಡಿಸಿಎಫ್-3. ಸೆಪ್ಟೆಂಬರ್ 30ರಂದು ಕಾಲೇಜಿನಲ್ಲಿ ಇದ್ದವರನ್ನು ಕೋರ್ಸುವಾರು, ವರ್ಷವಾರು, ಗಂಡು-ಹೆಣ್ಣು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಅಂಗವಿಕಲರು ಎಂದು ಬಿಡಿಸಿ ತುಂಬಬೇಕಿತ್ತು. ಮೊದಲ ವರ್ಷಗಳಲ್ಲಿ ಇದೊಂದು ದೊಡ್ಡ ಪಿಡಿಎಫ್ ಫಾರಂ. ಇಳಿಸಿಕೊಂಡು, ತುಂಬಿ, ಮತ್ತೆ ಏರಿಸಬೇಕು. ಒಂದು ಮೊತ್ತ ತಾಳೆಯಾಗದಿದ್ದರೆ ಫಾರಂ ಮುಂದೆ ಹೋಗದು.

ಈ ಕೆಲಸವನ್ನು ಕಲಿಸಿದ್ದು ಕೈಪಿಡಿಗಳಲ್ಲ, ಸಭೆಗಳು. ವಿಶ್ವವಿದ್ಯಾಲಯಗಳು ಕಾಲೇಜುಗಳ ನೋಡಲ್ ಅಧಿಕಾರಿಗಳನ್ನು ಕರೆಸಿ ಕಾರ್ಯಾಗಾರ ನಡೆಸತೊಡಗಿದವು. ಕೊಡಗಿನವರು ಕತ್ತಲಿರುವಾಗಲೇ ಹೊರಟು ಘಟ್ಟ ಇಳಿದು ಕೊಣಾಜೆ ಸೇರುತ್ತಿದ್ದರು. ವೇದಿಕೆಯ ಮೇಲೆ ಪ್ರೊಜೆಕ್ಟರ್, ಪರದೆಯ ಮೇಲೆ ಖಾಲಿ ಫಾರಂ. ನಿಜವಾದ ಪಾಠ ನಡೆಯುತ್ತಿದ್ದುದು ಊಟದ ಸಾಲಿನಲ್ಲಿ, ಚಹಾದ ಮೇಜಿನ ಸುತ್ತ. ಅತಿಥಿ ಉಪನ್ಯಾಸಕರನ್ನು ಯಾವ ಕಾಲಮ್ಮಿಗೆ ಹಾಕುವುದು? ವರ್ಷದ ನಡುವೆ ಕಾಲೇಜು ಬದಲಿಸಿದ ಹುಡುಗಿಯನ್ನು ಎರಡೂ ಕಡೆ ಎಣಿಸಿಬಿಟ್ಟರೆ? ಒಬ್ಬರು ಕಂಡುಕೊಂಡ ಉಪಾಯ ಇನ್ನೊಬ್ಬರ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು, ಫೋನ್ ನಂಬರುಗಳು ಕೈ ಬದಲಾಗುತ್ತಿದ್ದವು. ಮರುದಿನದಿಂದ ಪುತ್ತೂರಿನವರಿಗೆ ಮಡಿಕೇರಿಯವರು, ಮಡಿಕೇರಿಯವರಿಗೆ ಉಡುಪಿಯವರು ದಾರಿ ಹೇಳುತ್ತಿದ್ದರು. ಇಂಗ್ಲೆಂಡಿನ ಫರ್ದರ್ ಎಜುಕೇಷನ್ ಕಾಲೇಜುಗಳಲ್ಲಿ ಪ್ರತಿ ಕಲಿಯುವವರ ದಾಖಲೆಯ ಮೇಲೆಯೇ ಸರ್ಕಾರದ ಹಣ ನಿಂತಿರುವುದರಿಂದ ಈ ಕೆಲಸಕ್ಕೆಂದೇ ಡೇಟಾ ಮ್ಯಾನೇಜರುಗಳಿದ್ದಾರೆ, ಅವರಿಗೆಂದೇ ಸಮ್ಮೇಳನಗಳು ನಡೆಯುತ್ತವೆ. ನಮ್ಮಲ್ಲಿ ಆ ಹೆಸರಿಲ್ಲದಿದ್ದರೂ ಕೊಣಾಜೆಯ ಆ ಸಭೆಗಳು ಅದೇ ಕೆಲಸ ಮಾಡಿದವು. ಅವುಗಳನ್ನು ಕಾಟಾಚಾರದ ಸಭೆ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ.

2013ರಲ್ಲಿ ಉನ್ನತ ಶಿಕ್ಷಣಕ್ಕೆ ಅನುದಾನ ಕೊಡುವ ಕೇಂದ್ರದ ರೂಸಾ ಯೋಜನೆ ಬಂದ ಮೇಲೆ ಅನುದಾನದ ಮಾತು ಈ ಅಂಕಿಗಳ ಜೊತೆ ಹೆಣೆದುಕೊಂಡಿತು. 2017ರಲ್ಲಿ ನ್ಯಾಕ್ ತನ್ನ ಕ್ರಮವನ್ನು ಬದಲಿಸಿ, ಕಾಲೇಜು ಕೊಟ್ಟ ಪ್ರತಿ ಅಂಕಿಗೂ ಪುರಾವೆ ಕೇಳುವ ‘ಡಿವಿವಿ’ ಪರಿಶೀಲನೆಯನ್ನು ತಂದಿತು. ಹಳೆಯ ವಹಿಗಳನ್ನು ಚೆನ್ನಾಗಿ ಇಟ್ಟುಕೊಂಡಿದ್ದ ಕಾಲೇಜುಗಳಿಗೆ ಅದರ ಫಲ ಕಂಡಿತು.

ಕೊಡಗಿನ ಹೆಸರುಗಳ ಸಮಸ್ಯೆಯನ್ನು ಇಲ್ಲಿ ಹೇಳಲೇಬೇಕು. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ತಂದೆಯ ಹೆಸರು ನಡುವೆ, ಕರೆಯುವ ಹೆಸರು ಕೊನೆಗೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬ ಹೆಸರನ್ನು ಆನ್‌ಲೈನ್ ಅರ್ಜಿಯ ಮೊದಲ ಹೆಸರು, ನಡು ಹೆಸರು, ಕೊನೆಯ ಹೆಸರು ಎಂಬ ಮೂರು ಡಬ್ಬಿಗಳಿಗೆ ತುಂಬಿ ನೋಡಿ. ಕಾಲೇಜಿಗೆ ಹೆಸರು ಕೊಟ್ಟ ಮಹನೀಯರೇ ಪೋರ್ಟಲಿನಲ್ಲಿ ‘ಕೊಡಂದೇರ’ ಎಂಬ ವಿದ್ಯಾರ್ಥಿ ಆಗಿಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಆಧಾರಿನಲ್ಲಿ ಒಕ್ಕದ ಹೆಸರು ಪೂರ್ತಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಕಾಗುಣಿತ. ಮೂರೂ ತಾಳೆಯಾಗದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಎಸ್ಟೇಟಿನ ಲೈನ್ ಮನೆಗಳಿಂದ ಬರುವ ಮಕ್ಕಳ ಕಷ್ಟ ಇನ್ನೂ ಹೆಚ್ಚು. ತಂದೆತಾಯಿ ಕೆಲಸ ಹುಡುಕಿ ಒಂದು ತೋಟದಿಂದ ಇನ್ನೊಂದಕ್ಕೆ ಹೋದಂತೆ ವಿಳಾಸ ಬದಲಾಗುತ್ತದೆ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸಕಾಲಕ್ಕೆ ಸಿಗುವುದಿಲ್ಲ. ಅಂಥ ಮಗುವಿಗಾಗಿ ಪಂಚಾಯಿತಿಗೆ, ನಾಡಕಚೇರಿಗೆ, ಬ್ಯಾಂಕಿಗೆ ಒಂದೊಂದು ಫೋನ್ ಮಾಡುವ ಕೇಸ್ ವರ್ಕರ್ ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ. ಒಂದು ಕಾಗುಣಿತ ಸರಿಮಾಡಿ ಒಬ್ಬ ಹುಡುಗಿಯ ಓದನ್ನು ಉಳಿಸಿದವರು ಅವರು.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದವು. ಜೋಡುಪಾಲ, ಮಕ್ಕಂದೂರು ಸುತ್ತಮುತ್ತ ಮನೆಗಳು ಮಣ್ಣಾದವು. ಮನೆಯೊಂದಿಗೆ ಟ್ರಂಕಿನಲ್ಲಿದ್ದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಟಿ.ಸಿ. ಎಲ್ಲವೂ ಹೋದವು. ಪರಿಹಾರ ಕೇಂದ್ರದ ಜಮಖಾನೆಯ ಮೇಲೆ ಕೂತ ಒಬ್ಬ ಹುಡುಗ ತಾನು ಓದಿದ್ದೇನೆ ಎಂದು ತೋರಿಸಬೇಕಾದರೆ ಅವನ ಬಳಿ ಏನಿದೆ? ಊರಿನ ಶಾಲೆಯ ಅಥವಾ ಕಾಲೇಜಿನ ವಹಿಯಲ್ಲಿ ಅವನ ಹೆಸರಿನ ಸಾಲು, ಅಷ್ಟೇ. ದಾಖಲೆ ಎಂದರೆ ಏನು ಎಂಬುದನ್ನು ಆ ಮಳೆಗಾಲ ಜಿಲ್ಲೆಗೆ ಮನದಟ್ಟು ಮಾಡಿಸಿತು.

2021ರಿಂದ ಈಚೆಗೆ

ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ರಾಜ್ಯದಲ್ಲಿ ಜಾರಿಯಾದಾಗ ಜೊತೆಗೇ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶ ಬಂತು. ಪ್ರವೇಶ, ಪರೀಕ್ಷೆ, ಅಂಕ ಎಲ್ಲವೂ ಅದರಲ್ಲೇ. 2021ರ ಜುಲೈನಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕೂಡ ಆರಂಭವಾಯಿತು. ಕೋವಿಡ್ ಇನ್ನೂ ಪೂರ್ತಿ ಹೋಗಿರಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುವ ಜಿಲ್ಲೆ ಇದು. ಶನಿವಾರಸಂತೆ ಕಡೆಯ ಮುಳ್ಳೂರಿನಲ್ಲಿ ಶಾಲಾ ಶಿಕ್ಷಕರೊಬ್ಬರು ಪಾಠಕ್ಕೆ ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡದ್ದು ಆಗ ನಾಡಿಗೆಲ್ಲ ಸುದ್ದಿಯಾಯಿತು. ಕಾಲೇಜುಗಳಲ್ಲೂ ಹಗಲೆಲ್ಲ ಸರ್ವರ್ ಬ್ಯುಸಿ. ರಾತ್ರಿ ಜಾಲ ಹಗುರಾದ ಮೇಲೆ ಅಂಕ ತುಂಬಿಸಿ ಬೆಳಗಿನ ಮೊದಲ ಗಂಟೆಗೆ ಪಾಠಕ್ಕೆ ಬಂದವರಿದ್ದಾರೆ. ಫಲಿತಾಂಶಗಳು ತಡವಾದಾಗ ಮಕ್ಕಳ ಅಸಮಾಧಾನವನ್ನು ಮೊದಲು ಎದುರಿಸಿದವರೂ ಅವರೇ. ಹೊಸ ಪದ್ಧತಿ ನೆಲೆಗೊಳ್ಳಲು ಕಾಲ ಬೇಕಾಯಿತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಒಂದೇ ಕಾಲೇಜಿನಲ್ಲಿ ಎರಡು ಬಗೆಯ ಪಠ್ಯಕ್ರಮ, ಎರಡು ಬಗೆಯ ಅಂಕಪಟ್ಟಿ ಒಟ್ಟಿಗೆ ನಡೆದವು. ಅದನ್ನೂ ಇದೇ ಜನ ನಿಭಾಯಿಸಿದರು.

2023ರ ಮಾರ್ಚ್‌ನಲ್ಲಿ ಕೊಡಗು ವಿಶ್ವವಿದ್ಯಾಲಯ ಉದ್ಘಾಟನೆಯಾಯಿತು. ಕುಶಾಲನಗರದ ಬಳಿಯ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯ ‘ಜ್ಞಾನ ಕಾವೇರಿ’ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ ಸ್ನಾತಕೋತ್ತರ ಕೇಂದ್ರವೇ ಹೊಸ ವಿಶ್ವವಿದ್ಯಾಲಯದ ನೆಲೆ. ಇನ್ನು ಘಟ್ಟ ಇಳಿಯಬೇಕಾಗಿಲ್ಲ. ಸೋಮವಾರಪೇಟೆಯವರೂ ಗೋಣಿಕೊಪ್ಪಲಿನವರೂ ಸಭೆ ಮುಗಿಸಿ ಹಗಲಿರುವಾಗಲೇ ಮನೆ ಸೇರಬಹುದು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಸಚಿವ ಸಂಪುಟದ ಉಪಸಮಿತಿಯಲ್ಲಿ ಎದ್ದಿತು. ಜಿಲ್ಲೆಯ ವಿದ್ಯಾರ್ಥಿಗಳು, ಸಂಘಸಂಸ್ಥೆಗಳು ವಿಶ್ವವಿದ್ಯಾಲಯ ಉಳಿಯಲಿ ಎಂದು ದನಿ ಎತ್ತಿದರು. ಆ ಚರ್ಚೆ ನಡೆದದ್ದು ಕಾಲೇಜುಗಳೆಷ್ಟು, ಹಣಕಾಸಿನ ಬಲವೆಷ್ಟು ಎಂಬ ಲೆಕ್ಕದಲ್ಲಿ. ಅಲ್ಲಿ ಹೇಳಬೇಕಾದ ಇನ್ನೂ ಕೆಲವು ಲೆಕ್ಕಗಳು ನಮ್ಮ ಬಳಿ ಇವೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಅದರ ಹಿಂದಿನ ಹತ್ತು ವರ್ಷದಲ್ಲಿ ಬೆಳೆದದ್ದು ನೂರಕ್ಕೆ ಒಂದರಷ್ಟು ಮಾತ್ರ. ತಲೆ ಎಣಿಸಿದರೆ ನಾವು ಯಾವಾಗಲೂ ಸಣ್ಣವರೇ. ಆದರೆ ಅದೇ ಗಣತಿಯಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿರುವ ಜಿಲ್ಲೆ ಇದು, ಸಾಕ್ಷರತೆ ಶೇ. 82ನ್ನು ದಾಟಿದ ಜಿಲ್ಲೆ. 2021-22ರ ಐಶೆ ವರದಿಯ ಪ್ರಕಾರ 18ರಿಂದ 23ರ ವಯಸ್ಸಿನವರಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ ದೇಶದಲ್ಲಿ 28.4, ಕರ್ನಾಟಕದಲ್ಲಿ 36.2. ಈ ಸರಾಸರಿಯೊಳಗೆ ಯರವರ ಹುಡುಗಿ ಎಲ್ಲಿದ್ದಾಳೆ, ತೋಟದ ಲೈನಿನ ಹುಡುಗ ಎಲ್ಲಿದ್ದಾನೆ ಎಂದು ತೋರಿಸಬಲ್ಲದ್ದು ಪ್ರತಿ ಕಾಲೇಜು ತುಂಬಿಕೊಟ್ಟ ಸಾಲುಗಳೇ.

ಈ ಸಂಚಿಕೆಯ ಮೂಲಕ ಎರಡು ಕೋರಿಕೆಗಳನ್ನು ಮುಂದಿಡುತ್ತೇನೆ. ಮದ್ರಾಸ್ ಮತ್ತು ಮೈಸೂರು ಕಾಲದ ವಹಿಗಳನ್ನು ಇನ್ನೊಂದು ಮಳೆಗಾಲಕ್ಕೆ ಬಿಡದೆ ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಜಿಲ್ಲೆಯ ಹೊರಗೆ ಇಡಬೇಕು. ಇನ್ನೊಂದು, ದತ್ತಾಂಶದ ಕೆಲಸಕ್ಕೆ ಪ್ರತಿ ಕಾಲೇಜಿಗೂ ಮಂಜೂರಾದ ಹುದ್ದೆ ಬೇಕು. ಇಂದಿಗೂ ಈ ಹೊರೆ ಬೀಳುವುದು ಯುಜಿಸಿ ನಿಯಮದಂತೆ ವಾರಕ್ಕೆ 16 ಗಂಟೆ ಪಾಠ ಮಾಡಬೇಕಾದ ಸಹಾಯಕ ಪ್ರಾಧ್ಯಾಪಕರ ಮೇಲೆ, ಇಲ್ಲವೆಂದರೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ಮೇಲೆ. ಚಿಕ್ಕ ಅಳುವಾರದಲ್ಲಿ ನಡೆಯುವ ನೋಡಲ್ ಅಧಿಕಾರಿಗಳ ಸಭೆಗಳಿಗೆ ಇವರ ಜೊತೆ ಕಚೇರಿಯ ಎಫ್‌ಡಿಎ, ಎಸ್‌ಡಿಎಗಳನ್ನೂ ಕರೆಯಬೇಕು. ವಹಿಯ ಯಾವ ಸಾಲು ಯಾಕೆ ಕೆಂಪಾಗಿದೆ ಎಂದು ಹೇಳಬಲ್ಲವರು ಅವರು ಮಾತ್ರ.